ಗೋಡೆಯಾಚೆಯ ಕೆಳದನಿ

"ಒಳಗೆ... ಒಳಗೆ ಹಾಡ್ತಾ ಇರೋದು ಯಾರು?"

ಬಾಗಿಲು ತೆರೆದ ಪ್ರಭಾ ಒಂದು ಹೆಜ್ಜೆ ಹಿಂದೆ ಸರಿದಳು. ಎದುರಿಗೆ ನಿಂತ ತರುಣನ ಮುಖ ಸುಣ್ಣದಂತೆ ಬಿಳುಚಿತ್ತು. ಅವನ ಕೈಯಲ್ಲಿ ಬೀಗದ ಕೈಗಳ ಗೊಂಚಲಿತ್ತು.

ಅವಳ ಕೋಣೆಯ ಕಂಪ್ಯೂಟರಿನಿಂದ ಹಾಡು ಇನ್ನೂ ಬರುತ್ತಲೇ ಇತ್ತು. ಬಾವಿಯ ತಳದಿಂದ ಏಳುವಂಥ ಗಂಭೀರವಾದ ಕೆಳದನಿ...

"ನಮ್ಮಪ್ಪ ಒಳಗಿದ್ದಾರಾ?" ಎಂದವನು, ತಾನು ಕೇಳಿದ್ದು ತನಗೇ ಆಗ ಅರ್ಥವಾದಂತೆ ಕಣ್ಣು ಮುಚ್ಚಿಕೊಂಡ.

ಪ್ರಭಾಳಿಗೆ ಆಗ ಗುರುತು ಸಿಕ್ಕಿತು. ಇವನು ಅನೀಶ! ಪಕ್ಕದ ಮನೆಯ ವಸಂತಕುಮಾರ ಅಂಕಲ್ ಅವರ ಒಬ್ಬನೇ ಮಗ.

ಅಂಕಲ್ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು.

"ಅದು ರೆಕಾರ್ಡಿಂಗು," ಎಂದಳು ಮೆಲ್ಲಗೆ. "ನಮ್ಮ ಸಮೂಹ ಗಾಯನದ ಪ್ರಾಕ್ಟೀಸ್ ಟ್ರ್ಯಾಕ್. ಅಂಕಲ್ ಹೋದ ವರ್ಷ ಹಾಡಿದ್ದು. ವೆಬ್‌ಸೈಟಿನಲ್ಲಿ ಉಂಟು."

ಅವನು ಗೋಡೆಗೆ ಕೈಯಿಟ್ಟು ನಿಂತ. "ನಾನು ಬೀಗ ತೆಗೆದು ಒಳಗೆ ಕಾಲಿಟ್ಟೆ. ಅಪ್ಪನ ರೂಮಿಂದ... ಅಪ್ಪನ ಆವಾಜ್..." ಹಾಡು ಬರುತ್ತಿದ್ದ ಕಡೆ ಕೈ ತೋರಿಸಿದ. "ಬಂದ್ ಮಾಡಿ, ಪ್ಲೀಸ್. ಇದನ್ನ ಬಂದ್ ಮಾಡಿ!"

ತಟ್ಟನೆ ತಿರುಗಿ ಮೆಟ್ಟಿಲಿಳಿದು ಹೊರಟೇಹೋದ.

ಪ್ರಭಾಳ ಕಣ್ಣು ಉರಿಯಿತು. *ಎಂಥ ಮಗ ಇವನು! ಅಪ್ಪ ಆಸ್ಪತ್ರೆಯಲ್ಲಿ ಬಾಗಿಲು ನೋಡುತ್ತಾ ಮಲಗಿದ್ದಾಗ ಬರಲಿಲ್ಲ. ಈಗ ಅಪ್ಪನ ದನಿ ಕೂಡ ಬೇಡವೇ?*

ಅದು ಎರಡು ಸಾವಿರದ ಹತ್ತು, ದೀಪಾವಳಿಯ ಹಿಂದಿನ ಶನಿವಾರ. ಡೊಂಬಿವಲಿ ಪೂರ್ವದ ಆ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಎರಡೇ ಮನೆ. ಪ್ರಭಾಳ ಕೋಣೆಗೂ ಅಂಕಲ್ ಹಾರ್ಮೋನಿಯಂ ಇಟ್ಟುಕೊಂಡಿದ್ದ ಕೋಣೆಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳನೆಯದು.

ಅವರ ಕನ್ನಡ ಸಂಘದ ಗಾಯನ ವೃಂದದಲ್ಲಿ ಮೂರು ದನಿ. ಮೇಲಿನದು, ನಡುವಿನದು, ಕೆಳಗಿನದು. ಸದಸ್ಯರು ಕಲ್ಯಾಣ, ಬದಲಾಪುರ, ಠಾಣೆ ಎಂದು ಚದುರಿಹೋದವರು, ವಾರಕ್ಕೊಮ್ಮೆ ಸೇರುವುದೂ ಕಷ್ಟ. ಅದಕ್ಕೇ ಯಜ್ಞೇಶ್ವರ ಮೇಷ್ಟ್ರು ಒಂದೊಂದು ದನಿಯನ್ನೂ ಬೇರೆ ಬೇರೆಯಾಗಿ ಹಾಡಿಸಿ ವೆಬ್‌ಸೈಟಿಗೆ ಹಾಕಿದ್ದರು. ಕೇಳಿ ಕಲಿತುಕೊಂಡು ಬರುವುದು, ಬಂದು ಸೇರಿ ಹಾಡುವುದು. ಕೆಳದನಿಯ ನಾಲ್ಕು ಟ್ರ್ಯಾಕೂ ಅಂಕಲ್ ಅವರವೇ.

ಈಗ ಆ ಸೈಟು ನವೆಂಬರ್ ಮೂವತ್ತಕ್ಕೆ ಮುಚ್ಚಲಿತ್ತು!

"ನನ್ನ ಕಂಪ್ಯೂಟರ್ ಕೆಟ್ಟಾಗ ಮೂಲ ಫೈಲ್ ಎಲ್ಲ ಹೋಯ್ತು ಮಗಾ," ಎಂದಿದ್ದರು ಮೇಷ್ಟ್ರು ಫೋನಿನಲ್ಲಿ. "ಅಲ್ಲಿ ಕೇಳ್ಲಿಕ್ಕೆ ಮಾತ್ರ ಆಗುದು, ಇಳಿಸಿಕೊಳ್ಳಿಕ್ಕೆ ಆಗುದಿಲ್ಲ. ಹಾಡು ಓಡುವಾಗ್ಲೇ ಹಿಡ್ಕೊಳ್ಳಬೇಕು. ನೀನು ಮಾಡ್ತಿಯಾ?"

"ಮಾಡ್ತೇನೆ ಮೇಷ್ಟ್ರೇ."

"ಕೊನೆಯ ಹಾಡಿನ ಕೊನೇ ಚರಣ ಮಾತ್ರ ಸಿಗುದಿಲ್ಲ. ಅಲ್ಲಿಗೆ ಬರುವಾಗ ವಸಂತನಿಗೆ ಕೆಮ್ಮು ಬಂತು. ಮುಂದಿನ ವಾರ ಹಾಡ್ತೇನೆ ಅಂದ. ಆ ವಾರ ಬರ್ಲೇ ಇಲ್ಲ. ಕೆಳದನಿಯ ಸ್ವರ ಕೂರಿಸಿದ್ದೂ ಅವನೇ, ಬರೆದಿಟ್ಟದ್ದೂ ಇಲ್ಲ. ಜನವರಿಯ ಕಾರ್ಯಕ್ರಮದಲ್ಲಿ ಆ ಚರಣ ಬಿಟ್ಟೇ ಹಾಡುವ."

ಫೋನಿಟ್ಟ ಪ್ರಭಾಳಿಗೆ ಅಜ್ಜನ ನೆನಪಾಗಿತ್ತು. ಅಜ್ಜನ ಪಾರಾಯಣ ಕೇಳುತ್ತ ಕೇಳುತ್ತಲೇ ದೊಡ್ಡವಳಾದ ಹುಡುಗಿ ಅವಳು. ದನಿಯೊಂದು ಮನೆಯಲ್ಲಿ ನಿಂತುಹೋದರೆ ಮನೆಯೇ ಕಿವುಡಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

*ಅಂಕಲ್, ನಿಮ್ಮ ದನಿ ಹೋಗಲಿಕ್ಕೆ ಬಿಡುವುದಿಲ್ಲ!*

...

ದೀಪಾವಳಿಯ ಮಾರನೆಯ ದಿನ, ಶನಿವಾರ ಮಧ್ಯಾಹ್ನ. ಅಪ್ಪ ಕೋಪರಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ, ಅಮ್ಮ ಜಯಲತಾ ಮಠದ ಭಜನೆಯಲ್ಲಿ. ಪ್ರಭಾ ಒಬ್ಬಳೇ.

ಅನೀಶನ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಸ್ಪೀಕರಿನ ವಯರು ಕಿತ್ತು ಹೆಡ್‌ಫೋನ್ ಹಾಕಿಕೊಂಡಳು. *ತಗೋ, ಇನ್ನು ಯಾರಿಗೂ ತೊಂದರೆ ಇಲ್ಲ.*

ರೆಕಾರ್ಡಿಂಗ್ ಕಿಟಕಿ ತೆರೆದು ಕೆಂಪು ಗುಂಡಿ ಒತ್ತಿದಳು. ಹಾಡು ಶುರುವಾಯಿತು. ಮೇಷ್ಟ್ರೇ ಕಟ್ಟಿದ ಹಾಡು.

*ಹೊಸ್ತಿಲ ದೀಪಕೆ ಎಣ್ಣೆಯನೆರೆದೆ, ಒಳಗೆ ಬಾರೋ ಒಡೆಯನೆ...*

ಕಣ್ಣು ಮುಚ್ಚಿ ಕೇಳಿದಳು. ಕೊನೆಯ ಚರಣ ಬಂತು. ಅಂಕಲ್ ಕೆಮ್ಮಿದರು. ಹಾಡು ಅಲ್ಲಿಗೇ ನಿಂತಿತು.

ಹಿಡಿದದ್ದು ಸರಿಯಾಗಿದೆಯೇ ಎಂದು ಹಾಕಿ ನೋಡಿದಳು. ಮೊದಲು ಕೇಳಿಸಿದ್ದು ಫ್ಯಾನಿನ ಗರಗರ. ಆಮೇಲೆ... ಹೆಣ್ಣು ದನಿಯ ಗುನುಗು!

"ಅಯ್ಯೋ ರಾಮಾ! ಇದು ನಾನೇ!"

ತಂಗಿ ನಿಶಾ ಮದುವೆಗೆ ಮುಂಚೆ ಕಂಪ್ಯೂಟರಿಗೆ ಕೂರಿಸಿಹೋದ ಕ್ಯಾಮೆರಾದ ಮೈಕು ತೆರೆದೇ ಇತ್ತು. ಸೈಟಿನ ಹಾಡಿನ ಜೊತೆ ಕೋಣೆಯ ಸದ್ದೂ ಸೇರಿತ್ತು. ತನಗೇ ಗೊತ್ತಿಲ್ಲದೆ ಉದ್ದಕ್ಕೂ ಗುನುಗಿದ್ದಳು. ಪ್ರಭಾ ಒಬ್ಬಳೇ ನಕ್ಕಳು.

ಆ ನಗು ಅರ್ಧದಲ್ಲೇ ಆರಿತು.

ಅವಳ ಗುನುಗಿನ ಕೆಳಗೆ ಇನ್ನೊಂದು ದನಿ ಇತ್ತು.

ಗಂಡಸಿನ ದನಿ. ಅಂಕಲ್ ಹಾಡಿದ್ದನ್ನೇ, ಒಂದು ಉಸಿರು ತಡವಾಗಿ ಹಾಡುತ್ತಿತ್ತು. ಪ್ರತಿಧ್ವನಿ ಇರಬೇಕು ಎಂದುಕೊಂಡಳು. ಕೊನೆಯ ಚರಣ ಬಂತು. ಅಂಕಲ್ ಕೆಮ್ಮಿದರು, ನಿಂತರು.

ಅವಳ ಗುನುಗು ಮಾತ್ರ ಮುಂದೆ ಸಾಗಿತ್ತು. ಆ ದನಿಯೂ ನಿಲ್ಲಲಿಲ್ಲ!

*ಕತ್ತಲು ಕರಗುವ ಮುನ್ನವೆ ಬಾರೋ, ಹೆಸರನು ಹಿಡಿದು ಕರೆಯೋ...*

ಅಂಕಲ್ ಹಾಡದೆ ಹೋದ ಚರಣ. ಅಂಕಲ್ ಒಬ್ಬರಿಗೇ ಗೊತ್ತಿದ್ದ ಸ್ವರ. ಅವಳ ಗುನುಗಿನ ಅಡಿಯಲ್ಲಿ ನಿಧಾನವಾಗಿ, ಕೊನೆಯ ಅಕ್ಷರದವರೆಗೂ...

ಪ್ರಭಾ ಹೆಡ್‌ಫೋನ್ ಕಿತ್ತೆಸೆದಳು. ಮೈಕಿಗೆ ಕೇಳಿಸುವುದು ಕೋಣೆಯೊಳಗಿನ ಸದ್ದು. ಹಾಗಾದರೆ... ಆಗ ಕೋಣೆಯಲ್ಲಿ ತನ್ನ ಜೊತೆ ಯಾರಿದ್ದರು?

ಬಾಗಿಲು ತೆರೆದು ಹೊರಗೆ ಓಡಿದಳು. ಪಕ್ಕದ ಮನೆಯ ಕಬ್ಬಿಣದ ಗ್ರಿಲ್ಲಿಗೆ ಹೊರಗಿನಿಂದ ಬೀಗ ನೇತಾಡುತ್ತಿತ್ತು. ಮೆಟ್ಟಿಲು ಗುಡಿಸುತ್ತಿದ್ದ ಚಂದ್ರಬಾಯಿ ತಲೆಯೆತ್ತಿದಳು. ಕಲಬುರಗಿ ಕಡೆಯವಳು.

"ಚಂದ್ರಬಾಯಿ, ಈ ಮನೆಗೆ ಯಾರಾದ್ರೂ ಬಂದಿದ್ರಾ?"

"ಕೀಲಿ ಜಡದದ ಅಲ್ರೀ ಅಕ್ಕಾ, ಕಾಣವಲ್ದೇನು? ಒಳಗ ಯಾರ್ ಇರ್ತಾರ, ಇಲಿ ಇರ್ತಾವ ಅಷ್ಟ! ಯಾಕ್ರೀ, ಮಾರಿ ಹಿಂಗ್ಯಾಕ ಬೆಳ್ಳಗ ಆಗೇದ?"

"ಏನಿಲ್ಲ..."

...

ಮುಂದಿನ ಶನಿವಾರ ದೇವರ ಮುಂದೆ ದೀಪ ಹಚ್ಚಿಟ್ಟು ಕೂತಳು. ಒಂದು ಸಲ ತುಟಿ ಬಿಗಿದುಕೊಂಡು ರೆಕಾರ್ಡ್ ಮಾಡಿದಳು. ಅಂಕಲ್ ದನಿ, ಫ್ಯಾನಿನ ಸದ್ದು. ಮತ್ತೇನೂ ಇಲ್ಲ.

ಇನ್ನೊಂದು ಸಲ ಬೇಕೆಂದೇ ಗುನುಗಿದಳು.

ಅದು ಬಂತು.

ಅವಳು ದನಿ ತಗ್ಗಿಸಿದಲ್ಲಿ ಅದೂ ತಗ್ಗಿತ್ತು. ಉಸಿರಿಗೆಂದು ಅವಳು ನಿಂತಲ್ಲಿ ಅದೂ ನಿಂತಿತ್ತು. ಒಂದು ಕಡೆ ಅವಳ ಶ್ರುತಿ ಜಾರಿತ್ತು, ಅಲ್ಲಿ ಅದು ಮೆಲ್ಲಗೆ ಸ್ವರ ಹಿಡಿದು ಕಾದಿತ್ತು, ದಾಟುವವರಿಗೆ ಕೈ ಚಾಚಿದ ಹಾಗೆ.

ಎರಡು ದನಿಯನ್ನೂ ಹೋಲಿಸಿ ಕೇಳಿದಳು. ಅದೇ ಕಂಠ. ಆದರೆ ಅಂಕಲ್ ದನಿಯಲ್ಲಿ ವಯಸ್ಸಿನ ಬಿರುಕಿತ್ತು, ಇದರಲ್ಲಿ ಇರಲಿಲ್ಲ. *ಸತ್ತವರಿಗೆ ಹರೆಯ ಮರಳಿ ಬರುತ್ತದೆಯೇ?*

ಆ ವಾರವೆಲ್ಲ ಠಾಣೆಯ ಆಫೀಸಿಗೆ ಹೋಗುವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅದನ್ನೇ ಕೇಳಿದಳು. ಸುತ್ತ ನೂರು ಜನ, ಮೀನಿನ ಬುಟ್ಟಿ, ಜಗಳ. ನಡುವೆ ಅವಳೊಬ್ಬಳ ಕಿವಿಯಲ್ಲಿ ಎಲ್ಲಿಂದ ಬಂತೋ ತಿಳಿಯದ ದನಿ. ಮೈ ಜುಮ್ಮೆನ್ನುತ್ತಿತ್ತು... ಆದರೂ ನಿಲ್ಲಿಸಲು ಮನಸ್ಸು ಬರುತ್ತಿರಲಿಲ್ಲ. ಇಪ್ಪತ್ತೇಳು ವರ್ಷಗಳಲ್ಲಿ ಯಾರೂ ಅವಳ ದನಿಯನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ.

*ಪ್ರಭಾ, ನಿನಗೆ ಹುಚ್ಚು ಹಿಡಿದಿದೆ.*

ಅದಕ್ಕೂ ಮೊದಲು, ರೆಕಾರ್ಡಿಂಗಿನ ಮಾರನೆಯ ದಿನ ಭಾನುವಾರ, ಹೂ ತರಲು ಇಳಿಯುತ್ತಿದ್ದಾಗ ಮೆಟ್ಟಿಲಲ್ಲಿ ಅನೀಶ ಎದುರಾದ. ಜೊತೆಗೆ ಒಬ್ಬ ಏಜೆಂಟ್. ಅವನನ್ನು ಮುಂದೆ ಕಳಿಸಿ ಅನೀಶ ನಿಂತ. ಅವನ ಮುಖದಲ್ಲಿ ಅಂದಿನ ಬಿಳುಪು ಇರಲಿಲ್ಲ. ಏನೋ ಹೇಳಲು ಹೊರಟು ಕೆಂಪಾದ.

"ಥ್ಯಾಂಕ್ಸ್... ಹಾಡಿಗೆ."

ಪ್ರಭಾ ಮೊಗ ತಿರುಗಿಸಿದಳು. *ಅಪ್ಪನ ಹಾಡು ಉಳಿಸಿದ್ದಕ್ಕೆ ಈಗ ಥ್ಯಾಂಕ್ಸಾ?* "ನಾನು ಮಾಡ್ತಾ ಇರುದು ಅಂಕಲ್‌ಗೋಸ್ಕರ. ನಿಮಗೋಸ್ಕರ ಅಲ್ಲ."

ಅವನ ನಗು ಮಂಕಾಯಿತು. "ಮಾಲೂಮ್ ಹೈ... ಗೊತ್ತು. ಆದ್ರೂ."

"ಮನೆ ಮಾರ್ತಾ ಇದ್ದೀರಾ?"

"ಹೂಂ. ಇಪ್ಪತ್ತೇಳಕ್ಕೆ, ಶನಿವಾರ ಸಂಜೆ, ಕೀ ಕೊಡಬೇಕು."

ಹಾಗೆಂದವನು ಅವಳ ಉತ್ತರಕ್ಕೆ ಕಾದ. ಅವಳು ಇಳಿದು ಹೋದಳು.

...

ಶುಕ್ರವಾರ ಅವಳ ಸ್ಥಿತಿ ಅಮ್ಮನ ಕಣ್ಣಿಗೆ ಬಿತ್ತು.

"ದಾನೆ ಪ್ರಭಾ, ಎಂತಾಯ್ತು? ಊಟ ಸೇರುದಿಲ್ಲ, ನಿದ್ರೆ ಇಲ್ಲ. ಎಂತ ಕತೆ ನಿಂದು? ಯಾರಾದ್ರೂ ಹುಡುಗನಾ? ಇದ್ರೆ ಹೇಳು, ಅಪ್ಪನಿಗೆ ನಾನು ಹೇಳ್ತೇನೆ."

ಪ್ರಭಾ ಹೆಡ್‌ಫೋನನ್ನು ಅಮ್ಮನ ಕಿವಿಗಿಟ್ಟಳು.

ಜಯಲತಾ ಕೇಳಿದರು. ಕೇಳುತ್ತ ಕೇಳುತ್ತ ಅವರ ಕೈ ತಾಳಿಯ ಮೇಲೆ ಹೋಯಿತು.

"ವಸಂತಣ್ಣ..." ಎಂದು ಪಿಸುಗುಟ್ಟಿದರು. "ವರ್ಷಾಂತಿಕ ಆಗುವವರೆಗೆ ಜೀವ ಮನೆಯ ಸುತ್ತ ಇರ್ತದೆ ಅಂತ ನಿನ್ನ ಅಜ್ಜ ಹೇಳ್ತಿದ್ರು. 'ಒಳಗೆ ಬಾರೋ' ಅಂತ ನೀನು ಕರಿತಿ, ಅದು ಬರ್ತದೆ! ಇನ್ನು ಬಾಯಿ ಬಿಟ್ರೆ ಜಾಗ್ರತೆ!"

ಮಾರನೆಯ ದಿನ, ಇಪ್ಪತ್ತನೆಯ ತಾರೀಖು, ಅಮ್ಮ ಮಠಕ್ಕೆ ಹೋಗಲಿಲ್ಲ. ಕೈಯಲ್ಲಿ ಜಪಮಾಲೆ ಹಿಡಿದು ಮಗಳ ಪಕ್ಕದಲ್ಲೇ ಕೂತರು. ಮೈಕಿನ ವಯರು ಕಿತ್ತದ್ದಾಯಿತು. ಪ್ರಭಾ ದುಪಟ್ಟಾದ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

ನಾಲ್ಕೂ ಹಾಡು ಅಚ್ಚುಕಟ್ಟಾಗಿ ಬಂದವು. ಅಂಕಲ್ ದನಿ ಉಳಿಯಿತು. ಮಾಡಬೇಕಾದ ಕೆಲಸ ಮುಗಿಯಿತು.

ಹೆಡ್‌ಫೋನ್ ತೆಗೆದಾಗ ಗೋಡೆಯ ಕಡೆಯಿಂದ ಸಣ್ಣ ಸದ್ದು.

ಟಕ್... ಟಕ್...

ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ. ಎರಡೇ ಸಲ. ಕೇಳಿ ನೋಡಿ, ಕಾದು, ಸುಮ್ಮನಾದ ಹಾಗೆ.

ಅಮ್ಮನ ಜಪ ಜೋರಾಯಿತು. ಪ್ರಭಾಳ ಕಣ್ಣಿನಿಂದ ಮಾತ್ರ ನೀರು ಇಳಿಯಿತು. ಭಯಕ್ಕೆ ಅಲ್ಲ. ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಕಳಿಸಿದ ಹಾಗಾಗಿತ್ತು ಅವಳಿಗೆ!

...

ಇಪ್ಪತ್ತೇಳು. ಕೊನೆಯ ಶನಿವಾರ.

ಅಮ್ಮ ಮಠಕ್ಕೆ ಹೋಗುವಾಗ ದೇವರ ಕುಂಕುಮ ಹಣೆಗಿಟ್ಟು, "ಬಾಯಿ ಬಿಡ್ಬೇಡ ಆಯ್ತಾ?" ಎಂದು ಹೇಳಿಯೇ ಹೋದರು. ಸಂಜೆಗೆ ಪಕ್ಕದ ಮನೆ ಬೇರೆಯವರದಾಗುತ್ತದೆ. ಗೋಡೆಗೆ ಹೊಸ ಬಣ್ಣ ಬರುತ್ತದೆ. ಆ ದನಿ ಆಮೇಲೆ ಎಲ್ಲಿಗೆ ಹೋಗಬೇಕು?

ಮತ್ತೆ... ಆ ಚರಣ! ಶುದ್ಧವಾಗಿ ಹಿಡಿದ ಟ್ರ್ಯಾಕಿನಲ್ಲಿ ಅಂಕಲ್ ಕೆಮ್ಮಿನ ಆಚೆ ಏನೂ ಇಲ್ಲ. ಮೊದಲೆರಡು ವಾರದ ರೆಕಾರ್ಡಿಂಗಿನಲ್ಲಿ ಅದು ಇದ್ದರೂ ಫ್ಯಾನಿನ ಗದ್ದಲದಲ್ಲಿ ಸ್ವರ ಹಿಡಿಯಲಾಗುತ್ತಿರಲಿಲ್ಲ. ಇವತ್ತು ಸಿಗದಿದ್ದರೆ ಅದು ಇನ್ನೆಂದಿಗೂ ಇಲ್ಲ.

ಪ್ರಭಾ ಮೈಕಿನ ವಯರನ್ನು ಮತ್ತೆ ಸಿಕ್ಕಿಸಿದಳು. ಫ್ಯಾನ್ ಆರಿಸಿದಳು. ಕೆಂಪು ಗುಂಡಿ ಒತ್ತಿದಳು.

ಈ ಸಲ ಗುನುಗಲಿಲ್ಲ, ಬಾಯಿ ತುಂಬ ಹಾಡಿದಳು. *ಒಳಗೆ ಬಾರೋ ಒಡೆಯನೆ...*

ಎರಡನೆಯ ಚರಣದ ನಡುವೆ ಕಂಪ್ಯೂಟರಿನ ಪರದೆ ಕಪ್ಪಾಯಿತು. ಕರೆಂಟ್ ಹೋಗಿತ್ತು. ಹೆಡ್‌ಫೋನಿನಲ್ಲಿ ಅಂಕಲ್ ದನಿ ಅರ್ಧ ಪದಕ್ಕೇ ಕತ್ತರಿಸಿಹೋಯಿತು.

ಆದರೆ ಹಾಡು ನಿಲ್ಲಲಿಲ್ಲ!

ಕೆಳದನಿ ಕೇಳುತ್ತಲೇ ಇತ್ತು. ಸತ್ತ ಕಂಪ್ಯೂಟರಿನ ಮುಂದೆ, ಕಿವಿಗೆ ಸತ್ತ ಹೆಡ್‌ಫೋನ್ ಇಟ್ಟುಕೊಂಡು, ಪ್ರಭಾ ಅದನ್ನು ಕೇಳುತ್ತಿದ್ದಳು.

ಮೆಲ್ಲಗೆ ಹೆಡ್‌ಫೋನ್ ತೆಗೆದಳು. ದನಿ ಸ್ಪಷ್ಟವಾಯಿತು. ಎದ್ದು ಹೋಗಿ ಗೋಡೆಗೆ ಅಂಗೈ ಇಟ್ಟಳು. ಗೋಡೆ ಸಣ್ಣಗೆ ಅದುರುತ್ತಿತ್ತು, ಜೀವವಿದ್ದ ಹಾಗೆ.

ಓಡಿಹೋಗಬೇಕೆಂದು ಕಾಲು ಹೇಳಿತು. ಅವಳು ಹೋಗಲಿಲ್ಲ. ಹಣೆಯನ್ನು ಗೋಡೆಗೆ ಒತ್ತಿ, ಕಣ್ಣೀರು ಸುರಿಸುತ್ತ, ಆ ದನಿಯ ಜೊತೆ ಕೊನೆಯ ಚರಣ ಹಾಡಿದಳು. *ಹೆಸರನು ಹಿಡಿದು ಕರೆಯೋ...*

ಹಾಡು ಮುಗಿಯಿತು.

ಆಮೇಲೆ ಗೋಡೆಯಾಚೆ ಹೆಜ್ಜೆ ಸದ್ದು. ಅದು ದೂರ ಹೋಗುತ್ತಿತ್ತು!

"ಹೋಗ್ಬೇಡಿ!" ಪ್ರಭಾ ಬಾಗಿಲು ತೆರೆದು ಹೊರಗೆ ಧಾವಿಸಿದಳು.

ಗ್ರಿಲ್ಲಿಗೆ ಬೀಗ ಹಾಗೆಯೇ ನೇತಾಡುತ್ತಿತ್ತು. ಒಳಗಿನ ಬಾಗಿಲು ಕಿರ್ರೆಂದು ತೆರೆಯಿತು. ಕತ್ತಲೆಯಿಂದ ಒಂದು ಕೈ ಬಂತು. ಕಬ್ಬಿಣದ ಸರಳುಗಳ ನಡುವಿನಿಂದ ಹೊರಗೆ ನೀಡಿ, ತಡಕಾಡಿ, ಬೀಗವನ್ನು ಹಿಡಿಯಿತು.

ಪ್ರಭಾ ಕಿಟಾರನೆ ಕಿರುಚಿದಳು.

"ಅರೇ, ಅರೇ! ನಾನು! ಮೈ ಹೂಂ!" ಸರಳುಗಳ ಹಿಂದೆ ಗಾಬರಿಗೊಂಡ ಮುಖ ಕಾಣಿಸಿತು. ಅನೀಶ.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. "ನೀವು... ನೀವು ಒಳಗೆ ಹೇಗೆ? ಬೀಗ ಹೊರಗೆ ಉಂಟಲ್ಲ!"

"ಒಳಗೆ ಹೋಗಿ ಕೈ ಹೊರಗೆ ಹಾಕಿ ನಾನೇ ಹಾಕ್ಕೊಳ್ತೇನೆ," ಎಂದ ಬೀಗ ತೆಗೆಯುತ್ತ. "ಇಲ್ದಿದ್ರೆ ಬಿಲ್ಡಿಂಗ್ ಸೊಸೈಟಿಯವರೆಲ್ಲ ಬಂದು ಕೂತ್ಕೋತಾರೆ. ಅಪ್ಪನ ಕಡೇ ದಿನ ಯಾಕೆ ಬರ್ಲಿಲ್ಲ ಅಂತ ಕೇಳ್ತಾರೆ." ಅವಳನ್ನು ನೋಡಿ ಬೆಚ್ಚಿದ. "ಒಂದ್ನಿಮಿಷ. ನಾನು ಒಳಗಿದ್ದೀನಿ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಇಲ್ಲ!"

"ಮತ್ತೆ... ಯಾರ ಜೊತೆ ಹಾಡ್ತಿದ್ರಿ?"

ಪ್ರಭಾ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಅವನು ಗ್ರಿಲ್ ತೆರೆದು ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ನಾನು ಅಂದ್ಕೊಂಡಿದ್ದೆ, ನೀವು ನಂಜೊತೆ ಹಾಡ್ತಾ ಇದ್ದೀರಿ ಅಂತ. ದೀಪಾವಳಿ ಮರುದಿನ ಸಾಮಾನು ಕಟ್ತಾ ಇದ್ದೆ. ನಿಮ್ಮ ಗುನುಗು ಕೇಳ್ತು. ಬಾಯಿ ತಾನಾಗೇ ತೆರೀತು. ಅಪ್ಪ ನಾಲ್ಕು ವರ್ಷದ ಹಿಂದೆ ಎಲ್ಲರ ಎದುರಿಗೆ 'ಶ್ರುತಿ ಇಲ್ಲದವ ಬಾಯಿ ಮುಚ್ಕೊಂಡಿರು' ಅಂದಿದ್ರು. ಅವತ್ತಿಂದ ನಾನು ಹಾಡೇ ಇಲ್ಲ. ಮನೆ ಬಿಟ್ಟು ಖಾರಘರಕ್ಕೆ ಹೋಗ್ಬಿಟ್ಟೆ." ಕೈಯಲ್ಲಿದ್ದ ಬೀಗವನ್ನು ಆ ಕಡೆ ಈ ಕಡೆ ತಿರುಗಿಸಿದ. "ಆ ದಿನ ಅಪ್ಪನೇ ಫೋನ್ ಮಾಡಿದ್ರು, ಬಾ ಅಂತ. ಓಡಿ ಬಂದೆ. ಠಾಣೆಯಲ್ಲಿ ಟ್ರೇನ್ ಬದಲಿಸ್ತಾ ಇದ್ದೆ... ಪ್ಲ್ಯಾಟ್‌ಫಾರ್ಮಿನಲ್ಲೇ ಆಸ್ಪತ್ರೆಯಿಂದ ಫೋನ್ ಬಂತು."

"ಯಾರಿಗೂ ಹೇಳ್ಲಿಲ್ಲ ಯಾಕೆ?"

"ಯಾಕೆ ಬರ್ಲಿಲ್ಲ ಅಂತ ಎಲ್ಲರೂ ಬೈದ್ರು. ಬಂದಿದ್ಯಾ ಅಂತ ಯಾರೂ ಕೇಳ್ಲಿಲ್ಲ."

ಪ್ರಭಾಳಿಗೆ ತನ್ನ ಸಿಟ್ಟು ನೆನಪಾಯಿತು. ಬೈದವರಲ್ಲಿ ತಾನೂ ಒಬ್ಬಳು! "ನನ್ನನ್ನು ಕ್ಷಮಿಸಿ," ಎಂದಳು ಕಷ್ಟಪಟ್ಟು.

"ಹೋದ ವಾರ ನೀವು ಹಾಡ್ಲಿಲ್ಲ. ಗೋಡೆ ತಟ್ಟಿ ನೋಡ್ದೆ. ನನ್ನ ಶ್ರುತಿ ಕೆಟ್ಟದಾಗಿ ಇರ್ಬೇಕು, ಅದಕ್ಕೇ ಬಿಟ್ರು ಅಂದ್ಕೊಂಡೆ."

"ಅಯ್ಯೋ, ಇಲ್ಲ!" ಅವಳು ಎದ್ದು ನಿಂತಳು. "ಆ ಕೊನೆಯ ಚರಣ ನಿಮಗೆ ಪೂರ್ತಿ ಬರ್ತದಾ?"

"ನಾನು ಮನೆ ಬಿಡುವ ಮುಂಚೆ, ಅಪ್ಪ ಅದಕ್ಕೆ ಸ್ವರ ಕೂರಿಸುವಾಗ ಅಡುಗೆ ಮನೆಯಲ್ಲಿ ಚಾ ಮಾಡ್ತಾ ಕೇಳಿದ್ದು. ಅವರಿಗೆ ಗೊತ್ತೇ ಇರ್ಲಿಲ್ಲ, ನಾನು ಕಲಿತದ್ದು."

"ಕೀ ಕೊಡ್ಲಿಕ್ಕೆ ಎಷ್ಟು ಗಂಟೆಗೆ?"

"ಆರಕ್ಕೆ."

"ಬನ್ನಿ ಒಳಗೆ!"

...

ಕರೆಂಟ್ ಬಂದಾಗ ನಾಲ್ಕೂವರೆ. ಅನೀಶ ಮೈಕಿನ ಮುಂದೆ ಕೂತ. ಮೊದಲ ಸಲ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಅರ್ಧಕ್ಕೆ ಅಳು ಬಂತು. ಪ್ರಭಾ ನೀರು ತಂದುಕೊಟ್ಟಳು. ಮೂರನೆಯ ಸಲ ಅವನು ಕಣ್ಣು ಮುಚ್ಚಿ ಹಾಡಿದ. ಅವಳು ಕೈ ಕಟ್ಟಿ, ಉಸಿರು ಬಿಗಿಹಿಡಿದು ನಿಂತಳು.

ಚರಣ ಮುಗಿಯಿತು. ಅದನ್ನು ಅಂಕಲ್ ಕೆಮ್ಮಿದ ಜಾಗದಿಂದ ಮುಂದಕ್ಕೆ ಜೋಡಿಸಿದಳು. ಅಪ್ಪ ನಿಲ್ಲಿಸಿದಲ್ಲಿಂದ ಮಗ ಎತ್ತಿಕೊಂಡ. ಎಲ್ಲಿ ಒಬ್ಬರು ಮುಗಿದು ಎಲ್ಲಿ ಇನ್ನೊಬ್ಬರು ಶುರುವಾದರೆಂದು ಹೇಳುವುದು ಅವಳಿಗೂ ಕಷ್ಟವಾಯಿತು.

ಫೋನಿನಲ್ಲೇ ಕೇಳಿದ ಯಜ್ಞೇಶ್ವರ ಮೇಷ್ಟ್ರು ಮತ್ತೊಮ್ಮೆ ಹಾಕಿಸಿ ಕೇಳಿದರು. ಆಮೇಲೆ, "ಅವನಿಗೆ ಹೇಳು, ಜನವರಿಗೆ ಬಿಳಿ ಜುಬ್ಬಾ ಹೊಲಿಸಿಕೊಳ್ಳಲಿಕ್ಕೆ," ಎಂದಷ್ಟೇ ಹೇಳಿ ಇಟ್ಟರು.

ಅಷ್ಟರಲ್ಲಿ ಮಠದಿಂದ ಬಂದ ಜಯಲತಾ ಬಾಗಿಲಲ್ಲೇ ನಿಂತರು. ಮಗಳನ್ನು ನೋಡಿದರು, ಅನೀಶನನ್ನು ನೋಡಿದರು, ನಡುವೆ ಇದ್ದ ಮೈಕನ್ನು ನೋಡಿದರು. ಪ್ರಭಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಓ... ನನ್ನ ಮೂರು ಸಾವಿರ ಜಪ ಇವನ ಮೇಲೆ ಖರ್ಚಾದದ್ದಾ!" ಎಂದರು ಅಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೂತ್ಕೋ ಮಗಾ. ಚಾ ಮಾಡ್ತೇನೆ."

ಅಮ್ಮ ಒಳಗೆ ಹೋದ ಮೇಲೆ ಇಬ್ಬರೇ ಉಳಿದರು. ಗೋಡೆ ಇಲ್ಲದೆ ಮಾತಾಡುವುದು ಹಾಡುವುದಕ್ಕಿಂತ ಕಷ್ಟವಾಗಿತ್ತು.

"ಒಂದು ಹೇಳ್ಲಾ?" ಎಂದ ಅನೀಶ. "ಆ ಮನೆಯಲ್ಲಿ ಇದ್ದದ್ದು ನಾಲ್ಕು ಡಬ್ಬಿ ಸಾಮಾನು. ಒಂದು ಶನಿವಾರ ಸಾಕಿತ್ತು. ನಾನು ನಾಲ್ಕು ಸಲ ಬಂದೆ."

ಪ್ರಭಾ ತಲೆ ತಗ್ಗಿಸಿದಳು.

"ನೀವು ನಿಜವಾಗ್ಲೂ ಭೂತ ಅಂತ ನಂಬಿದ್ರಾ?"

"ಹೂಂ."

"ಭಯ ಆಗ್ಲಿಲ್ವಾ?"

"ತುಂಬಾ."

"ನಿಮ್ಮಮ್ಮ ಬೇಡ ಅಂದಿದ್ರು. ರೆಕಾರ್ಡಿಂಗ್ ಕೂಡ ಮುಗ್ದಿತ್ತು. ಮತ್ತೆ ಇವತ್ತು ಯಾಕೆ ಹಾಡಿದ್ರಿ? ಆ ಚರಣಕ್ಕೋಸ್ಕರಾನಾ?"

ಅವಳು ಹೂಂ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು.

"ಬರ್ಲಿ ಅಂತ," ಎಂದಳು ಪ್ರಭಾ.